ಬೀಗರಿಗೆಂದು ಇಟ್ಟ ಎಸಿ

ನಮ್ಮ ಮನೆಗೆ ಬಂದವರು ಚಪ್ಪಲಿ ಬಿಡುವ ಮೊದಲೇ ಒಂದು ಪ್ರಶ್ನೆ ಕೇಳುತ್ತಾರೆ. ಮುಂಬಾಗಿಲಿಗೆ ಆನಿಸಿ ಇಟ್ಟಿರುವ, ಸಣ್ಣ ಕುಂಬಳಕಾಯಿಯಷ್ಟು ದಪ್ಪದ, ಒಂದು ತುದಿಗೆ ಗಾಲಿಯಿರುವ ಆ ಲೋಹದ ಮುದ್ದೆ ಏನು ಅಂತ. ಬೀದರಿನ ನಮ್ಮ ಮೈಲೂರು ಬಡಾವಣೆಯ ಗಾಳಿಗೆ ಹೊತ್ತುಗೊತ್ತು ಇಲ್ಲ. ಬಾಗಿಲು ದಢಾರನೆ ಬಡಿದುಕೊಳ್ಳದಿರಲಿ ಎಂದು ಅದನ್ನು ಅಲ್ಲಿ ಕೂಡಿಸಿದ್ದೇವೆ. ಹಾಲು ಹಾಕುವವರು ಅದನ್ನು ನೀರೆತ್ತುವ ಮೋಟರು ಅಂದುಕೊಂಡಿದ್ದರು. ಪಕ್ಕದ ಮನೆಯ ನಿವೃತ್ತ ತಹಶೀಲ್ದಾರರು ಎರಡು ದಿನ ದೂರದಿಂದಲೇ ನೋಡಿಕೊಂಡು ಹೋಗಿ, ಮೂರನೆಯ ದಿನ ಗೇಟಿನ ಆಚೆಯೇ ನಿಂತು, "ಮಾಸ್ತರ, ಅದು ಸಿಡಿಯೋ ವಸ್ತು ಏನ್ ಅಲ್ಲಲ್ರಿ?" ಎಂದು ಕೇಳಿದರು.

"ಕಾರಿನ ಎಸಿ ಕಂಪ್ರೆಸರ್ ರೀ. ಕೆಟ್ಟದ," ಅನ್ನುತ್ತೇನೆ.

"ಭಾಳ ಬಳಸೀರಿ ಕಾಣ್ತದ," ಅನ್ನುತ್ತಾರೆ ಎಲ್ಲರೂ.

ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತ ಕೂದಲು ಉದುರಿಸಿಕೊಂಡವನು ನಾನು. ಬಹಮನಿ ಸುಲ್ತಾನರ ಕಾಲದಲ್ಲಿ ಬೀದರಿನ ನೆಲದೊಳಗೆ ಕಾಲುವೆ ಕೊರೆದು ನೀರು ತಂದದ್ದನ್ನು ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ. ನನ್ನದೇ ಕಾರಿನೊಳಗಿನ ತಂಪು ಯಾಕೆ ಹೋಯಿತು ಅಂದರೆ ಮಾತ್ರ ತಬ್ಬಿಬ್ಬಾಗುತ್ತೇನೆ. ಯಾಕೆಂದರೆ ಅದು ಬಳಸಿ ಕೆಟ್ಟದ್ದಲ್ಲ.

ಕಾರು ತೆಗೆದುಕೊಂಡು ಏಳೆಂಟು ವರ್ಷವಾಯಿತು. ಮೊದಲ ದಿನವೇ ನಾನೂ ನನ್ನ ಹೆಂಡತಿ ಸುಮಂಗಲೆಯೂ ಬಾಯಿ ಬಿಟ್ಟು ಹೇಳದೆಯೇ ಒಂದು ಒಪ್ಪಂದಕ್ಕೆ ಬಂದಿದ್ದೆವು: ಎಸಿ ಬೀಗರಿಗೆ. ಮಗಳ ಅತ್ತೆ ಮಾವ ಬಂದಾಗ, ಅಳಿಯನನ್ನು ಸ್ಟೇಷನ್ನಿನಿಂದ ಕರೆತರುವಾಗ ಆ ಗುಂಡಿ ಒತ್ತುವುದು. ಉಳಿದ ದಿನ ಕಿಟಕಿ ಇಳಿಸಿ, ದೇವರು ಕೊಟ್ಟ ಗಾಳಿ ಕುಡಿಯುವುದು. ನಗಬೇಡಿ. ನಿಮ್ಮ ಮನೆಯ ಗಾಜಿನ ಕಪಾಟಿನಲ್ಲೂ ಬಂಗಾರದ ಅಂಚಿನ ಕಪ್ಪು-ಬಸಿ ಇದ್ದೇ ಇರುತ್ತವೆ. ಅವುಗಳಲ್ಲಿ ನೀವು ಯಾವತ್ತು ಚಹಾ ಕುಡಿದಿದ್ದೀರಿ ಹೇಳಿ ನೋಡೋಣ. ನಮ್ಮಲ್ಲಿ ಮೆತ್ತನೆಯ ಟವೆಲ್ಲೂ ಬಂದವರಿಗೇ. ನಾನು ಒರೆಸಿಕೊಳ್ಳುವ ಟವೆಲ್ಲನ್ನು ಮುಖದ ಮೇಲೆ ಹಾಕಿಕೊಂಡರೂ ಎದುರಿಗೆ ಯಾರು ನಿಂತಿದ್ದಾರೆಂದು ಕಾಣುತ್ತದೆ.

ಈ ವಿದ್ಯೆ ನಾನು ಕಲಿತದ್ದು ಸಂತಪುರದಲ್ಲಿ, ನನ್ನ ಚಿಗವ್ವನ ಮನೆಯಲ್ಲಿ. ಚಿಗವ್ವ ಎಂದರೆ ನನ್ನ ತಾಯಿಯ ತಂಗಿ, ಗುರಮ್ಮ. ನಮ್ಮ ಹಳ್ಳಿಯಲ್ಲಿ ಏಳನೆಯ ತರಗತಿಯ ಮುಂದೆ ಶಾಲೆ ಇರಲಿಲ್ಲ. ಹೀಗಾಗಿ ಮೀಸೆ ಮೂಡುವವರೆಗೆ ಅವಳ ಮನೆಯಲ್ಲೇ ಉಂಡೆ, ಅವಳ ಕೈಯಿಂದಲೇ ಏಟು ತಿಂದೆ. ಅವಳ ಗೋಡೆಗೂಡಿನಲ್ಲಿ ಗುಲಾಬಿ ಹೂವಿನ ಚಿತ್ರದ ಆರು ಕಪ್ಪುಗಳಿದ್ದವು. ನನಗೆ ಮಾತ್ರ ದಿನವೂ ಒಂದು ಜರ್ಮನ್ ಲೋಟ. ಅಲ್ಯೂಮಿನಿಯಮ್ಮಿಗೆ ನಮ್ಮ ಕಡೆ ಜರ್ಮನ್ ಅನ್ನುತ್ತಾರೆ. ಯಾಕೆಂದು ಸಮಾಜ ವಿಜ್ಞಾನದ ಮಾಸ್ತರನಿಗೂ ಗೊತ್ತಿಲ್ಲ. ಆ ಲೋಟ ಒಂದು ಕಡೆ ನೆಗ್ಗಿತ್ತು. ನಾನೇ ಬಾವಿಕಟ್ಟೆಯ ಮೇಲೆ ಬೀಳಿಸಿದ್ದು. ಒಂದು ದಿನ ಧೈರ್ಯ ಮಾಡಿ, ನನಗೂ ಗುಲಾಬಿ ಕಪ್ಪಿನಲ್ಲೇ ಚಹಾ ಬೇಕೆಂದು ಹಟ ಹಿಡಿದೆ.

ಚಿಗವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, "ಅದು ಮಂದಿಗಿ. ನೀ ಮಂದಿ ಏನು?" ಅಂದಳು.

ಆ ಮಾತಿಗೆ ನಾನು ಅತ್ತುಬಿಟ್ಟಿದ್ದೆ. ಮಂದಿಗೆ, ಅಂದರೆ ಹೊರಗಿನವರಿಗೆ, ಸಿಗುವ ಕಪ್ಪು ನನಗೆ ಸಿಗದಲ್ಲ ಎಂದು.

ಚಿಗವ್ವನ ಎಸಿ ಬೇರೆಯೇ ಇತ್ತು. ಬೇಸಿಗೆಯಲ್ಲಿ ಔರಾದಿನಿಂದ ಬರುವ ಬಸ್ಸು ಹಿಡಿದು ಬೀದರಿಗೆ ಹೊರಟರೆ, ಕಿಟಕಿಯ ಸೀಟಿಗೆ ನನ್ನನ್ನು ತಳ್ಳಿ, ತಂಬಿಗೆಯ ನೀರಿನಲ್ಲಿ ಸೆರಗಿನ ತುದಿ ಅದ್ದಿ ನನ್ನ ತಲೆಯ ಮೇಲೆ ಹಾಸುತ್ತಿದ್ದಳು. ಹೊರಗಿನ ಬಿಸಿಗಾಳಿ ಆ ಒದ್ದೆ ಸೆರಗಿಗೆ ಬಡಿದು ತಂಪಾಗಿ ನೆತ್ತಿಗೆ ಇಳಿಯುತ್ತಿತ್ತು. ನೀರು ಕಿವಿಯೊಳಗೆ ಹೋಗಿ ನಾನು ತಲೆ ಕೊಡವಿದರೆ, "ಸುಮ್ನ ಕೂಡು, ಹುಚ್ಚಪ್ಯಾಲಿ," ಎಂದು ಒಂದು ಕೊಡುತ್ತಿದ್ದಳು. ಆ ಪೆಟ್ಟೂ ತಣ್ಣಗೇ ಇರುತ್ತಿತ್ತು.

ಇಂಥ ಚಿಗವ್ವನಿಗೆ ಈಗ ಎರಡೂ ಕಣ್ಣಿಗೆ ಮೋತಿಬಿಂದು, ಅಂದರೆ ಪೊರೆ. ಅವಳ ಮಗ ಬಿತ್ತನೆಯ ಹೊಲ ಹದ ಮಾಡುವ ಗಡಿಬಿಡಿಯಲ್ಲಿದ್ದ. "ನಾ ಕರಕೊಂಡು ಹೋಗ್ತೇನಿ," ಎಂದು ಎದೆ ತಟ್ಟಿಕೊಂಡು, ಈ ಏಪ್ರಿಲ್ ಕೊನೆಗೆ ನಾನೇ ಅವಳನ್ನು ಬೀದರಿಗೆ ಕರೆತಂದೆ. ಬಲಗಣ್ಣಿನ ಆಪರೇಶನ್ ಆಯಿತು. ಎಡಗಣ್ಣಿನದು ಒಂದು ತಿಂಗಳು ಬಿಟ್ಟು. "ತಡ ಮಾಡಬ್ಯಾಡ್ರಿ, ಆ ಕಣ್ಣು ಪೂರಾ ಮುಚ್ಚಲಿಕ್ಕ ಬಂದದ," ಎಂದು ಡಾಕ್ಟರು ನನಗೇ ಒತ್ತಿ ಹೇಳಿದರು. ಜೊತೆಗೆ ಸದ್ಯಕ್ಕೆ ಧೂಳು ಬಡಿಯಬಾರದು, ಬಿಸಿಗಾಳಿ ತಾಗಬಾರದು ಎಂದೂ ತಾಕೀತು ಮಾಡಿದರು.

ಆಸ್ಪತ್ರೆಯ ಬಾಗಿಲಲ್ಲೇ ಕಿಟಕಿಗಳನ್ನೆಲ್ಲ ಏರಿಸಿ, ಬಹಳ ದಿನದ ಮೇಲೆ ಎಸಿಯ ಗುಂಡಿ ಒತ್ತಿದೆ. ಒಲೆ ಊದಿದಂತೆ ಬಿಸಿಗಾಳಿ ಮುಖಕ್ಕೆ ಬಡಿಯಿತು. ಕರಿ ಕನ್ನಡಕ ಹಾಕಿಕೊಂಡು ಕೂತಿದ್ದ ಚಿಗವ್ವ, "ಇದೇನೋ ಶರಣು, ಗಾಡಿಯಾಗೂ ರೊಟ್ಟಿ ಸುಡ್ತಾರೇನು?" ಅಂದಳು. ಮೈಲೂರು ಮುಟ್ಟುವಷ್ಟರಲ್ಲಿ ಇಬ್ಬರೂ ಬೆಂದ ಬದನೆಕಾಯಿ ಆಗಿದ್ದೆವು.

ಮೊದಲ ದಿನ ಚಿಗವ್ವ ನಕ್ಕೋತ ಇದ್ದಳು. ಎರಡನೆಯ ದಿನ ಮಾತು ಕಡಿಮೆಯಾಯಿತು. ಮೂರನೆಯ ದಿನ ಗೋಡೆಯ ಕಡೆ ಮುಖ ಮಾಡಿ ಕೂತುಬಿಟ್ಟಳು. ನಾವು ಏನು ಕಡಿಮೆ ಮಾಡಿದ್ದೆವು? ನಮ್ಮ ಕೋಣೆಯನ್ನೇ ಅವಳಿಗೆ ಬಿಟ್ಟುಕೊಟ್ಟಿದ್ದೆವು. ಸುಮಂಗಲೆ ಹೊಸ ಚಾದರ ಹಾಸಿದ್ದಳು, ಮೆತ್ತನೆಯ ಟವೆಲ್ಲು ತೆಗೆದಿದ್ದಳು, ಬಂಗಾರದ ಅಂಚಿನ ಕಪ್ಪಿನಲ್ಲೇ ಚಹಾ ಕೊಡುತ್ತಿದ್ದಳು. ಚಿಗವ್ವ ಮೆಂತ್ಯೆ ಸೊಪ್ಪು ಬಿಡಿಸಲು ಕೈ ಹಾಕಿದರೆ, "ನೀವು ಕೂಡ್ರಿ ಚಿಗವ್ವಾರ, ನೀವ್ಯಾಕ ಮಾಡ್ತೀರಿ?" ಎಂದು ಬುಟ್ಟಿ ಕಸಿದುಕೊಳ್ಳುತ್ತಿದ್ದಳು. ಇದಕ್ಕಿಂತ ಹೆಚ್ಚಿನ ಆದರ ಯಾವ ಅರಮನೆಯಲ್ಲಿ ಸಿಗುತ್ತದೆ?

"ಚಿಗವ್ವ, ಮುಂದಿನ ತಿಂಗಳು ಯಾವ ವಾರ ಕರಿಲಿಕ್ಕ ಬರಲಿ?" ಎಂದು ಕೇಳಿದೆ.

"ಬರಬ್ಯಾಡ. ನಾ ಬರಂಗಿಲ್ಲ."

"ಯಾಕ? ಇನ್ನೊಂದು ಕಣ್ಣು?"

"ಒಂದೇ ಕಣ್ಣೀಲೆ ಎಷ್ಟು ಕಾಣಬೇಕೋ ಅಷ್ಟು ಕಂಡದ. ಸಾಕು."

ಆಪರೇಶನ್ ಅಷ್ಟು ಚೆನ್ನಾಗಿ ಆಗಿದೆ ಎಂದು ನಾನು ತಿಳಿದುಕೊಂಡೆ! ಸುಮಂಗಲೆ ಹಣೆ ಚಚ್ಚಿಕೊಂಡಳು. "ಸಿಟ್ಟಾಗ್ಯಾರರಿ ಅವ್ರು. ಯಾಕಂತ ಕೇಳ್ರಿ." ಕೇಳಿದೆ. "ಎರಡು ದಿನ ಬಿಟ್ಟು ನನ್ನ ಬಸ್ಸಿಗಿ ಹಚ್ಚು, ಊರಿಗಿ ಹೋಗ್ತೇನಿ," ಅಂದಳು ಚಿಗವ್ವ, ಅಷ್ಟೇ. ರಾತ್ರಿಯೆಲ್ಲ ತಲೆ ಕೆರೆದುಕೊಂಡೆ. ಇದ್ದ ನಾಲ್ಕು ಕೂದಲೂ ಬಂದವು, ಕಾರಣ ಬರಲಿಲ್ಲ. ಬೆಳಗಾಗುವಷ್ಟರಲ್ಲಿ ಹೊಳೆಯಿತು. ಎಸಿ! ಆಪರೇಶನ್ನಾದ ಕಣ್ಣಿನ ಹೆಂಗಸನ್ನು ಬೆಂಕಿಯ ಗಾಡಿಯಲ್ಲಿ ಕರೆತಂದರೆ ಇನ್ನೊಂದು ಸಲ ಯಾರು ಬಂದಾರು? ತಂಪಾಗಿ ಊರು ಮುಟ್ಟಿಸಿದರೆ ಚಿಗವ್ವ ಮೆತ್ತಗಾಗುತ್ತಾಳೆ, ಇನ್ನೊಂದು ಕಣ್ಣಿಗೆ ಒಪ್ಪುತ್ತಾಳೆ. ಇಷ್ಟು ಲೆಕ್ಕ ಹಾಕಿಕೊಂಡು ಕಾರು ಹೊರತೆಗೆದೆ.

ಬೀದರಿನ ಮೊದಲ ಗ್ಯಾರೇಜಿನವರು, "ಗ್ಯಾಸ್ ಇಲ್ರಿ," ಎಂದು ಗ್ಯಾಸ್ ತುಂಬಿ ಚಾಲೂ ಮಾಡಿದರು. ಹತ್ತು ನಿಮಿಷ ತಣ್ಣಗೆ ಬಂದು, ಕರ್‍ರೆಂದು ಸದ್ದು ಮಾಡಿ ನಿಂತುಹೋಯಿತು. ಎರಡನೆಯವರು ಬಾನೆಟ್ ಎತ್ತಿ ಇಣುಕಿ, "ಕ್ಲಚ್ ಹಿಡೀವಲ್ದು," ಅಂದರು. "ಗೇರ್ ಛಲೋ ಬೀಳ್ತಾವಲ್ರಿ," ಎಂದೆ. ಅವರು ನನ್ನನ್ನು ಒಂದು ಗಳಿಗೆ ನೋಡಿ, ಎಸಿಗೇ ಬೇರೆ ಒಂದು ಕ್ಲಚ್ ಇರುತ್ತದೆ ಎಂದು ನಾನು ದಡ್ಡ ಹುಡುಗರಿಗೆ ಅಕ್ಷಾಂಶ ರೇಖಾಂಶ ಹೇಳುವ ದನಿಯಲ್ಲಿ ಹೇಳಿದರು. ಎದುರಿನ ಪಂಕ್ಚರ್ ಅಂಗಡಿಯವರಿಗೆ ನನ್ನ ಮುಖ ನೋಡಿ ಕನಿಕರ ಬಂತು. "ಸರ್, ಸುಮ್ನ ತಿರುಗಬ್ಯಾಡ್ರಿ. ಭಾಲ್ಕಿಗಿ ಹೋಗ್ರಿ. ಅಲ್ಲಿ ರಶೀದ್ ಉಸ್ತಾದ ಇದ್ದಾರ. ಎಸಿ ಕೆಲಸ ಅಂದ್ರ ಅವರೇ."

ಜಿಲ್ಲೆಯ ಊರು ಬಿಟ್ಟು ತಾಲೂಕಿನ ಊರಿಗೆ ರಿಪೇರಿಗೆ ಹೋಗುವುದು ನನಗೆ ವಿಚಿತ್ರ ಅನ್ನಿಸಿತು. ಹೋದೆ. ದಾರಿಯಲ್ಲಿ ಇನ್ನೊಂದು ಜಾಣತನ ಮಾಡಿದೆ. ಎಸಿ ಇಲ್ಲದೆ ಕಿಟಕಿ ಮುಚ್ಚಿಕೊಂಡು ಹೋದರೆ ಚಿಗವ್ವನಿಗೆ ಎಷ್ಟು ತ್ರಾಸವಾದೀತು ಎಂದು ನೋಡಲು, ನಾಲ್ಕೂ ಗಾಜು ಏರಿಸಿಕೊಂಡು ಹೊರಟೆ. ಹಲಬರ್ಗಾ ಬರುವಷ್ಟರಲ್ಲಿ ಅಂಗಿ ಹಿಂಡಿದರೆ ಒಂದು ತಂಬಿಗೆ ತುಂಬುವಂತಿತ್ತು. ಅಲ್ಲಿ ಇಳಿದು ಚಹಾ ಕುಡಿದೆ. "ಗಾಡಿ ಕಿಟಕಿ ಕೆಟ್ಟಾವೇನ್ರಿ?" ಎಂದು ಹೋಟೆಲಿನವರು ಕೇಳಿದಾಗ, ಹೌದು ಎಂದು ಸುಳ್ಳು ಹೇಳಿದೆ.

ರಶೀದ್ ಉಸ್ತಾದರು ಬಿಳಿ ಗಡ್ಡದ, ಸಾವಕಾಶದ ಮನುಷ್ಯ. ಎಂಜಿನ್ನಿಗೆ ಕಿವಿ ಕೊಟ್ಟು ನಿಂತರು. ಎಂಜಿನ್ ಆರಿಸಿ, ಕಂಪ್ರೆಸರಿನ ಗಾಲಿಯ ಮುಂದಿನ ತಟ್ಟೆಯನ್ನು ಕೈಯಿಂದ ತಿರುಗಿಸಲು ನೋಡಿದರು. ಅದು ಮಿಸುಕಲಿಲ್ಲ.

"ಮಾಸ್ತರ್ ಸಾಬ್, ಎಸಿ ಎಷ್ಟು ದಿನದಿಂದ ಚಾಲೂ ಮಾಡಿಲ್ರಿ?"

"ಎರಡು ವರ್ಷ ಆಗಿರಬೇಕ್ರಿ. ಹೋದ ಸಲ ಬೀಗರು ಬಂದಾಗ..."

"ಅರೇ, ಬೀಗರು ಬರಲಿಲ್ಲಂದ್ರ?"

"ಕಿಟಕಿ ಅದಾವಲ್ರಿ."

ಉಸ್ತಾದರು ಕೈ ಒರೆಸಿಕೊಂಡು ಸ್ಟೂಲಿನ ಮೇಲೆ ಕೂತುಬಿಟ್ಟರು. "ಇದು ಬಳಸಿ ಕೆಟ್ಟಿಲ್ರಿ. ಬಳಸಲಾರದಕ್ಕ ಕೆಟ್ಟದ. ಗ್ಯಾಸಿನ ಸಂಗಾಟ ಎಣ್ಣಿ ಒಳಗ ತಿರುಗಬೇಕ್ರಿ. ತಿರುಗಿದ್ರ ಸೀಲು ಮೆತ್ತಗ ಇರ್ತದ. ನೀವು ತಿರುಗಸಲೇ ಇಲ್ಲ. ಅದು ಒಣಗ್ತು, ಗ್ಯಾಸ್ ಸೋರ್ತು, ಎಣ್ಣೀನೂ ಹೋಯ್ತು. ಮ್ಯಾಲ ಯಾರೋ ಎಣ್ಣಿ ನೋಡಲಾರದೆ ಗ್ಯಾಸ್ ತುಂಬಿ ಓಡಿಸ್ಯಾರ. ಖತಮ್. ಮನುಷ್ಯಾರ ಮೊಣಕಾಲು ಇದ್ದಂಗ್ರಿ ಇದು, ಕೂತರ ಹಿಡ್ಕೊಂತದ."

ನನ್ನ ತಲೆ ಗಿರ್ರೆಂದಿತು. ಬಳಸಿದರೆ ಸವೆಯುತ್ತದೆ, ಕಾದಿಟ್ಟರೆ ಉಳಿಯುತ್ತದೆ ಎಂದು ಹುಟ್ಟಿದಾಗಿನಿಂದ ನಂಬಿದವನು ನಾನು. ಚಪ್ಪಲಿ, ಪೆನ್ನು, ಛತ್ರಿ ಎಲ್ಲ ಹಾಗೇ ನಡೆದಿವೆ. ಈಗ ಯಾರೋ ಬಂದು, ನೀನು ಜೋಪಾನ ಮಾಡಿದ್ದಕ್ಕೇ ಅದು ಸತ್ತಿತು ಅಂದರೆ ಹೇಗೆ ನಂಬುವುದು? ಆದರೂ ಉಸ್ತಾದರ ದನಿಯಲ್ಲಿ ಸುಳ್ಳು ಕಾಣಲಿಲ್ಲ.

ಹೈದರಾಬಾದಿಗೆ ಫೋನು ಹೋಯಿತು. ಕಾರನ್ನು ಅಲ್ಲೇ ಬಿಟ್ಟು ಬಂದು ಮರುದಿನ ಮತ್ತೆ ಹೋದಾಗ, ಹೊಸ ಕಂಪ್ರೆಸರು ಬಸ್ಸಿನ ಡ್ರೈವರ್ ಪಕ್ಕದಲ್ಲಿ ಅಳಿಯನಂತೆ ಕೂತು ಬಂದಿತ್ತು. ಉಸ್ತಾದರು ಪಟ್ಟಿ ಸಡಿಲಿಸಿ, ಎರಡು ಪೈಪು ಬಿಚ್ಚಿ, ಬೋಲ್ಟು ತೆಗೆದು ಹಳೆಯದನ್ನು ಇಳಿಸಿದರು. ಪೈಪುಗಳನ್ನು ಒಳಗಿನಿಂದ ತೊಳೆದರು. ಹೊಸದನ್ನು ಕೂಡಿಸಿ, ಎಣ್ಣೆ ಅಳತೆ ಮಾಡಿ ಹಾಕಿ, ಒಂದು ಪಂಪು ಹಚ್ಚಿ ಮುಕ್ಕಾಲು ತಾಸು ಸುಮ್ಮನೆ ಕೂತರು.

"ಏನ್ ಮಾಡ್ಲಿಕ್ಕತ್ತದ್ರಿ ಇದು?"

"ಒಳಗಿನ ಗಾಳಿ ತೆಗೀಲಿಕ್ಕತ್ತದ."

"ನಮಗ ಗಾಳೀನೇ ಬೇಕಲ್ರಿ?"

"ತಣ್ಣನ ಗಾಳಿ ಬೇಕಂದ್ರ ಪೈಪಿನಾಗಿನ ಗಾಳಿ ಹೋಗಬೇಕ್ರಿ, ಮಾಸ್ತರ್ ಸಾಬ್." ಅವರಿಗೆ ನಗು ತಡೆಯಲಾಗಲಿಲ್ಲ. ನಾನು ಮುಂದೆ ಕೇಳಲಿಲ್ಲ. ಕೇಳಿದಷ್ಟೂ ಗೊಂದಲ ಹೆಚ್ಚುತ್ತಿತ್ತು.

ಎಲ್ಲ ಮುಗಿದು ಒಳಗೆ ಹಿಮದಂಥ ಗಾಳಿ ಬಂದಾಗ, ಉಸ್ತಾದರು ಹಳೆಯ ಕಂಪ್ರೆಸರನ್ನು ಗೋಣಿಚೀಲಕ್ಕೆ ಹಾಕಿ ನನ್ನ ಕೈಗೆ ಕೊಟ್ಟರು. ಹಳೆಯ ಸಾಮಾನು ಮಾಲೀಕನ ಕೈಗೇ ಕೊಡುವುದು ಅವರ ರೂಢಿಯಂತೆ. ಹೊಸದು ಹಾಕದೆಯೇ ಹಣ ತೆಗೆದುಕೊಂಡರು ಎಂದು ನಾಳೆ ಯಾರೂ ಅನ್ನಬಾರದಲ್ಲ. "ಮತ್ತ ನೋಡ್ರಿ, ವಾರಕ್ಕೊಮ್ಮಿ ಹತ್ತು ಮಿನಿಟ ಚಾಲೂ ಮಾಡ್ರಿ. ಬೀಗರು ಬರಲಿ, ಬಿಡಲಿ."

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ. ನನ್ನ ವಿಷಯದಲ್ಲಿ ಒಲೆ ಉರಿದಿತ್ತು, ಬುದ್ಧಿ ಮಾತ್ರ ಇನ್ನೂ ಬಂದಿರಲಿಲ್ಲ.

ಮರುದಿನ ಚಿಗವ್ವನನ್ನು ಮುಂದಿನ ಸೀಟಿನಲ್ಲಿ ಕೂಡಿಸಿಕೊಂಡು ಸಂತಪುರದ ದಾರಿ ಹಿಡಿದೆ. ಹೊರಗೆ ಬೆಂಕಿ ಬಿಸಿಲು, ಒಳಗೆ ಮಾಘ ಮಾಸ. ಚಿಗವ್ವ ಸೆರಗು ಹೊದ್ದುಕೊಂಡಳು.

"ಇದು ಯಾರಿಗಿ ಹಚ್ಚೀದಿ?"

"ನಿನಗ, ಚಿಗವ್ವ!" ಎಂದೆ ಹೆಮ್ಮೆಯಿಂದ. "ಇಷ್ಟು ದಿನ ಬೀಗರು ಬಂದ್ರ ಅಷ್ಟೇ ಹಚ್ಚತಿದ್ದೆ. ಈಗ ನಿನಗಂತ ಭಾಲ್ಕಿತನಕ ಹೋಗಿ ಮಾಡಿಸ್ಕೊಂಡು ಬಂದೀನಿ."

"ಹೌದೇನಪಾ," ಅಂದಳು. ಆಮೇಲೆ ಮುಖವನ್ನು ಕಿಟಕಿಯ ಕಡೆ ತಿರುಗಿಸಿ ಸೀಟಿಗೆ ಒರಗಿದಳು. ತಂಪಿಗೆ ನಿದ್ದೆ ಹತ್ತಿರಬೇಕು ಎಂದುಕೊಂಡೆ. ಕರಿ ಕನ್ನಡಕದ ಹಿಂದೆ ಏನಿತ್ತೋ ಯಾರಿಗೆ ಗೊತ್ತು?

ಸಂತಪುರದ ಮನೆಯಲ್ಲಿ ಅವಳು ಕಾಲು ತೊಳೆದವಳೇ ಸೊಸೆಯನ್ನು ಕರೆದು ಕಿವಿಯಲ್ಲಿ ಏನೋ ಹೇಳಿದಳು. ಸೊಸೆ ಮಂಚದ ಮೇಲೆ ಹೊಸ ಚಾದರ ಹಾಸಿ, "ಕೂಡ್ರಿ ಭಾವಾರ," ಅಂದಳು. ನಾನು ಅಲ್ಲಿ ಯಾವತ್ತೂ ಕಟ್ಟೆಯ ಮೇಲೆ ಕೂತವನು. ನೀರು ಕುಡಿಯಲು ಎಂದಿನಂತೆ ಒಳಗೆ ಗಡಿಗೆಯ ಕಡೆ ನಡೆದರೆ, "ನೀವ್ಯಾಕ ಏಳ್ತೀರಿ? ಕೂಡ್ರಿ," ಎಂದು ಚಿಗವ್ವನೇ ತಡೆದಳು. ನೀವು! ಅರವತ್ತರ ಹತ್ತಿರ ಬಂದ ನನಗೆ ಹುಟ್ಟಿದಾಗಿನಿಂದ 'ಏನಲೇ' ಅಂದ ಬಾಯಿ ಅದು. ಕಣ್ಣಿನ ಔಷಧಿ ತಲೆಗೆ ಏರಿತೇ ಎಂದು ಗಾಬರಿಯಾಯಿತು.

ಅಷ್ಟರಲ್ಲಿ ಚಹಾ ಬಂತು. ಗುಲಾಬಿ ಹೂವಿನ ಕಪ್ಪಿನಲ್ಲಿ.

ಚಿಕ್ಕಂದಿನಲ್ಲಿ ಯಾವುದಕ್ಕಾಗಿ ಅತ್ತಿದ್ದೆನೋ ಅದೇ ಕಪ್ಪು. ಹೂವಿನ ಬಣ್ಣ ಒಂದಿಷ್ಟೂ ಮಾಸಿಲ್ಲ. ಕೈಯಲ್ಲಿ ಹಿಡಿದೆ. ಸಂತೋಷವಾಗಬೇಕಿತ್ತು. ಆಗಲಿಲ್ಲ. ಪರರ ಮನೆಗೆ ಬಂದು ಕೂತಿದ್ದೇನೆ, ಚಹಾ ಕುಡಿದು ಎದ್ದು ಹೋಗಬೇಕು ಅನ್ನಿಸಿತು.

"ಚಿಗವ್ವ, ನನ್ನ ಲೋಟ ಎಲ್ಲದ?"

"ಯಾವ ಲೋಟಾರಿ?"

"ಜರ್ಮನ್ ಲೋಟ. ನೆಗ್ಗಿದ್ದು."

"ಅದು ಮನಿಯವ್ರಿಗಿ. ನೀವು ಬೀಗರು. ಬೀಗರು ಕಪ್ಪಿನಾಗೇ ಕುಡೀಬೇಕ್ರಿ."

ಆಗ ನನಗೆ ಹೊಳೆಯಿತು. ಹೊಸ ಚಾದರ. ಮೆತ್ತನೆಯ ಟವೆಲ್ಲು. ಬಂಗಾರದ ಅಂಚಿನ ಕಪ್ಪು. ಕಸಿದುಕೊಂಡ ಸೊಪ್ಪಿನ ಬುಟ್ಟಿ. ಅವಳ ಒಂದು ಕಣ್ಣಿಗೆ ಕಂಡದ್ದು ಅದೆಲ್ಲ. ಇದ್ದದ್ದು ಸಾಲದು ಎಂದು, ಬೀಗರ ಎಸಿ ಹಚ್ಚಿ ಊರಿಗೆ ತಂದು ಬಿಟ್ಟಿದ್ದೆ, ಅದನ್ನು ಬಾಯಿ ಬಿಟ್ಟು ಹೇಳಿಯೂ ಇದ್ದೆ.

"ತಪ್ಪಾತು, ಚಿಗವ್ವ. ನನಗ ತಿಳೀಲೇ ಇಲ್ಲ."

"ನಿನಗ ಯಾವಾಗ ತಿಳಿದದ?" ಅಂದಳು. 'ನೀವು' ಹೋಗಿ 'ನೀ' ಬಂದಿತ್ತು. ನನಗೆ ಜೀವ ಬಂದಂತಾಯಿತು. "ಐದು ದಿನ, ಶರಣು. ಐದು ದಿನ ನಿನ್ನ ಮನಿಯಾಗ ಒಂದು ಉಳ್ಳಾಗಡ್ಡಿ ಹೆಚ್ಚಲಿಕ್ಕ ಕೊಡಲಿಲ್ಲ ನನಗ. ನಾನು ಸಾಕಿದ ಹುಡುಗನ ಮನಿಯಾಗ ನಾನು ಮಂದಿ ಆದೆನಲ್ಲೋ ಅಂತ ಕರಳು ಕಿತ್ತು ಬಂತು. ಅಕಿ ಸುಮಂಗಲಾ ಪ್ರೀತೀಲೇ ಮಾಡ್ಯಾಳ, ನನಗ ಗೊತ್ತಿಲ್ಲೇನು? ನಿನಗರ ಗೊತ್ತಾಗಬಾರದೇನು?"

ಕಪ್ಪು ಕೈಯಲ್ಲಿ ಹಿಡಿದುಕೊಂಡೇ ಎದ್ದು ಒಳಗೆ ಹೋದೆ. ಯಾರೂ ತಡೆಯಲಿಲ್ಲ. ಲೋಟ ಗಡಿಗೆಯ ಪಕ್ಕದಲ್ಲೇ ಬೋರಲಾಗಿತ್ತು, ನೆಗ್ಗು ಹಾಗೇ ಇತ್ತು. ಕಪ್ಪಿನ ಚಹಾವನ್ನು ಅದಕ್ಕೆ ಸುರಿದುಕೊಂಡು, ಹೊಸ್ತಿಲ ಮೇಲೆ ಕೂತು ಕುಡಿದೆ. ತುಟಿ ಸುಟ್ಟಿತು. ಜರ್ಮನ್ ಲೋಟ ಯಾವತ್ತೂ ಹಾಗೇ.

"ಇನ್ನೊಂದು ಕಣ್ಣು?" ಎಂದು ಮೆಲ್ಲಗೆ ಕೇಳಿದೆ.

"ಆ ಕಪ್ಪು-ಬಸಿ ಒಳಗಿಡು ಅನ್ನು ಅಕಿಗಿ. ಬರ್ತೇನಿ."

ಕಪ್ಪು-ಬಸಿ ಒಳಗಿಡಲಿಲ್ಲ. ಸುದ್ದಿ ಕೇಳಿ ಸುಮಂಗಲೆ ಕಣ್ಣೊರೆಸಿಕೊಂಡು, ಮರುದಿನದಿಂದ ನಮಗಿಬ್ಬರಿಗೂ ಅದರಲ್ಲೇ ಚಹಾ ಕೊಡತೊಡಗಿದಳು. ಹದಿನೈದು ದಿನದಲ್ಲಿ ನಾನು ಎರಡು ಒಡೆದೆ. ಬಳಸಿದರೆ ಕೆಡುತ್ತವೆಯೋ, ಬಳಸದಿದ್ದರೆ ಕೆಡುತ್ತವೆಯೋ, ಈ ಪ್ರಶ್ನೆ ನನಗೆ ಇನ್ನೂ ಬಗೆಹರಿದಿಲ್ಲ. ಬಾಗಿಲಿಗೆ ಆನಿಸಿದ ಕಂಪ್ರೆಸರನ್ನು ದಿನಾ ನೋಡುತ್ತೇನೆ, ದಿನಾ ಗೊಂದಲಕ್ಕೆ ಬೀಳುತ್ತೇನೆ.

ಮೇ ಕೊನೆಯ ವಾರ ಚಿಗವ್ವನನ್ನು ಕರೆತರಲು ಹೋದೆ. ಬಲಗಣ್ಣು ವಾಸಿಯಾಗಿತ್ತು, ಎಡಗಣ್ಣಿನ ಆಪರೇಶನ್ನಿಗೆ ಇನ್ನೂ ಎರಡು ದಿನವಿತ್ತು. ಧೂಳಿನ ಭಯ ಇರಲಿಲ್ಲ. ಆದರೂ ಎಸಿಯ ಗುಂಡಿ ಒತ್ತಿ, "ಇದು ಬೀಗರಿಗಿ ಅಲ್ಲ ಚಿಗವ್ವ, ಮಷೀನಿಗಿ. ವಾರಕ್ಕೊಮ್ಮಿ ಹತ್ತು ಮಿನಿಟ ಹಚ್ಚಬೇಕಂತ ಉಸ್ತಾದ ಹೇಳ್ಯಾರ," ಎಂದು ಹೆದರಿ ಹೆದರಿ ವಿವರಿಸಿದೆ.

"ಹಚ್ಚು," ಅಂದಳು.

ಸಂತಪುರ ದಾಟಿ ಸ್ವಲ್ಪ ದೂರ ಬಂದಿದ್ದೆವು. "ಹತ್ತು ಮಿನಿಟ ಆತು. ಆರಿಸು," ಅಂದಳು. ಆರಿಸಿದೆ. ಅವಳೇ ಗಾಜು ಇಳಿಸಿದಳು. ಬಿಸಿಗಾಳಿ ದಬದಬನೆ ಒಳಗೆ ನುಗ್ಗಿತು. ಬಾಟಲಿಯ ಮುಚ್ಚಳ ತಿರುಗಿಸಿದ ಸದ್ದಾಯಿತು. ಮರುಗಳಿಗೆಗೆ ನನ್ನ ಬೋಳು ತಲೆಯ ಮೇಲೆ ಒದ್ದೆ ಸೆರಗು ಬಂದು ಬಿತ್ತು. ಗಾಳಿ ಅದಕ್ಕೆ ಬಡಿದು ನೆತ್ತಿಗೆ ಇಳಿಯಿತು. ನೀರು ಕಿವಿಯೊಳಗೆ ಹೋಗಿ ನಾನು ತಲೆ ಕೊಡವಿದೆ.

"ಸುಮ್ನ ಗಾಡಿ ಹೊಡಿ, ಹುಚ್ಚಪ್ಯಾಲಿ," ಎಂದು ಚಿಗವ್ವ ನೆತ್ತಿಗೆ ಒಂದು ಕೊಟ್ಟಳು.